ಎಲ್ಲೂ ಕಾಣದ ಮುಖ

"ಯಾವ ಇಲಾಖೆ?" ಜಟ್ಟಪ್ಪ ಗೇಟಿಗೆ ಅಡ್ಡ ನಿಂತೇ ಕೇಳಿದ.

ಚಂದ್ರಶೇಖರ್ ಕಂಕುಳಲ್ಲಿದ್ದ ಚಿತ್ರದ ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಶಿಕಾರಿಪುರದಿಂದ ಬಸ್ಸು ಬದಲಿಸಿ ಕುಪ್ಪಗಡ್ಡೆಗೆ ಬಂದಿದ್ದ. "ಇಲಾಖೆ ಅಲ್ಲರೀ. ರೈಲಿನ ಕೆಲಸ."

ಹೇಳಬಾರದಿದ್ದ ಮಾತು ಅದೊಂದೇ. ರೈಲು ಮಾರ್ಗಕ್ಕೆ ಜಮೀನು ಅಳೆಯುತ್ತಾರೆಂಬ ಸುದ್ದಿ ರೈಲಿಗಿಂತ ಮೊದಲೇ ಊರೂರು ತಿರುಗುತ್ತಿತ್ತು. ಪೆನ್ಸಿಲ್ ಹಿಡಿದ ಅಪರಿಚಿತನೆಂದರೆ ಸರ್ವೆಯವನೇ.

"ಪಹಣಿ ನನ್ನ ಹೆಸ್ರಲ್ಲೈತೆ. ಒಂದು ಗುಂಟೆನೂ ಬಿಡದಿಲ್ಲ, ಈಗ್ಲೇ ಹೇಳ್ಬಿಟ್ಟೆ."

"ಜಮೀನು ಬೇಡರೀ. ನಿಮ್ಮ ತಾಯಿಯ ಮುಖ ಬೇಕಿತ್ತು."

ಇದು ಮೊದಲಿನದಕ್ಕಿಂತ ಕೆಟ್ಟದಾಗಿ ಕೇಳಿಸಿತು. ಜಟ್ಟಪ್ಪ ಗೇಟಿನ ಚಿಲಕ ಹಾಕಿದ.

ಚಂದ್ರಶೇಖರ್ ಬೋರ್ಡ್ ಬರೆಯುವ ಕಲಾವಿದ. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಹೋಯಿತು, ಕಲಾವಿದ ಮಾತ್ರ ಉಳಿದ. ಅಂಥ ಹೊತ್ತಿನಲ್ಲಿ ಹುಬ್ಬಳ್ಳಿಯಲ್ಲಿ ಮಕ್ಕಳ ವಿಡಿಯೊ ಮಾಡುವ ಕಂಪನಿಯೊಂದು ಮಾತಾಡುವ ರೈಲಿಗೆ ಮುಖ ಬರೆದುಕೊಡಿ ಎಂದಿತ್ತು. ಪರದೆಯ ಮೇಲೆ ಅವನ ಹೆಸರು ಬರುತ್ತದಂತೆ. ಅಷ್ಟಕ್ಕೇ ಅವನು ಪಂಚಾಕ್ಷರಪ್ಪನ ಹೋಟೆಲಿನಲ್ಲಿ ಎಲ್ಲರಿಗೂ ಪೇಡಾ ಹಂಚಿಬಿಟ್ಟಿದ್ದ.

ನಾಲ್ಕು ಬೋಗಿಗಳ ಮುಖ ಒಪ್ಪಿಗೆಯಾದವು. ಉಳಿದದ್ದು ಇಂಜಿನ್: ತನ್ನಷ್ಟು ಜಾಣ ಯಾರೂ ಇಲ್ಲ ಎಂದುಕೊಂಡು ದಿನವೂ ತಪ್ಪು ಹಳಿ ಹಿಡಿಯುವ ಇಂಜಿನ್. ಷರತ್ತು ಒಂದೇ, ಆ ಮುಖ ಬೇರೆಲ್ಲೂ ಇರಬಾರದು. ಕಂಪನಿಯ ಕಂಪ್ಯೂಟರು ಅವನ ಚಿತ್ರವನ್ನು ಇಂಟರ್‌ನೆಟ್ಟಿನ ಮುಖಗಳ ಜೊತೆ ಹೋಲಿಸಿ ತೀರ್ಪು ಕೊಡುತ್ತಿತ್ತು. ಮೊದಲನೆಯದು ಒಂದು ಬಿಸ್ಕತ್ತಿನ ಪೊಟ್ಟಣಕ್ಕೆ ಹೋಲಿತು. ಎರಡನೆಯದು ಹಲ್ಲಿನ ಡಾಕ್ಟರೊಬ್ಬರ ಜಾಹೀರಾತಿಗೆ. ಮೂರನೆಯದು ಹರೀಶನ ಸಲೂನ್ ಬೋರ್ಡಿಗೆ. ಆ ಬೋರ್ಡ್ ಬರೆದವನು ಚಂದ್ರಶೇಖರನೇ. ಸೋಮವಾರದೊಳಗೆ ಕೊನೆಯ ಅವಕಾಶ. ತಪ್ಪಿದರೆ ಕೆಲಸವೂ ಹೆಸರೂ ಬೇರೆಯವರಿಗೆ.

ಕ್ಯಾಮೆರಾಕ್ಕೆ ಸಿಗದ ಮುಖ ಈ ಕಾಲದಲ್ಲಿ ಎಲ್ಲಿದೆ? ಚಂದ್ರಶೇಖರನ ಸ್ವಂತ ಆಲ್ಬಮ್ಮಿನಲ್ಲಿ ಅವನೊಬ್ಬನೇ ಇಲ್ಲ, ನಿಜ. ಅದಕ್ಕೆ ಕಾರಣ ಬೇರೆ: ಫೋಟೊದ ಕೋನ ತನಗೊಬ್ಬನಿಗೇ ಗೊತ್ತು ಎಂದು ಕ್ಯಾಮೆರಾ ಯಾರ ಕೈಗೂ ಕೊಡುತ್ತಿರಲಿಲ್ಲ. ಇದನ್ನು ಬರೆಯುವವನಿಗೆ ಅವನ ಪರವಾಗಿ ವಾದಿಸುವ ಆಸೆ ಬಹಳವಿದೆ, ಪುರಾವೆ ಸಿಗುತ್ತಿಲ್ಲ.

ದಾರಿ ತೋರಿಸಿದವನು ಪಂಚಾಕ್ಷರಪ್ಪ. ಹನ್ನೆರಡು ವರ್ಷದ ಹಿಂದೆ ಮದುವೆಯೊಂದರಲ್ಲಿ ಅವನು ಕುಪ್ಪಗಡ್ಡೆಯ ಶೇಷಮ್ಮನನ್ನು ಕಂಡಿದ್ದ. ಫೋಟೊ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಊಟ ಮಾಡಿದ್ದಳಂತೆ.

"ಯಾರೂ ಕಾಣದ ಮುಖ ಹುಡ್ಕಾಕೆ ಸೊರಬದ ಕಡಿಗೆ ಹೊಂಟೀರಾ?" ಹೆಂಡತಿ ಗಂಗಾಶ್ರೀ ಕೇಳಿದ್ದಳು. "ಮೊದ್ಲು ಬಚ್ಚಲಮನಿ ಕನ್ನಡಿಗೆ ಮೆತ್ತಿದ ಪೇಂಟ್ ಒರೆಸ್ರಿ."

ಕಲೆ ಅರ್ಥವಾಗದವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದುಕೊಂಡು ಅವನು ಬಸ್ಸು ಹತ್ತಿದ್ದ.

ಈಗ ಗೇಟಿನಾಚೆ ಜಟ್ಟಪ್ಪನ ಮಗಳು ರಮ್ಯ ಬಂದಳು. ಚಂದ್ರಶೇಖರನನ್ನು ಮೇಲಿಂದ ಕೆಳಗೆ ನೋಡಿದಳು. ಬಣ್ಣದ ಅಂಗಿ, ಕಿವಿಯ ಮೇಲೆ ಪೆನ್ಸಿಲ್, ಗತ್ತು.

"ಬರ್ಲಿ ಬಿಡಪ್ಪ. ಇವ್ರು ಚೆನ್ನಾಗಿದಾರೆ."

ಜಟ್ಟಪ್ಪ ಚಿಲಕ ತೆಗೆದ. ಚಂದ್ರಶೇಖರ್ ಅಂಗಿಯ ಕಾಲರು ಸರಿಮಾಡಿಕೊಂಡ.

ಶೇಷಮ್ಮ ಅಂಗಳಕ್ಕೆ ಬಂದಳು. ಯಾರೂ ಹೇಳದಿದ್ದರೂ ಕುರ್ಚಿಯನ್ನು ಬೆಳಕಿನ ಕಡೆ ಎಳೆದು, ಸೆರಗು ಸರಿಮಾಡಿ ಕುಳಿತಳು. ರಮ್ಯ ಫೋನನ್ನು ಕಿಟಕಿಯಲ್ಲಿದ್ದ ಚೊಂಬಿಗೆ ಒರಗಿಸಿಟ್ಟಳು. "ಸಿಗ್ನಲ್ ಅಲ್ಲಿ ಮಾತ್ರ ಬರೋದು" ಎಂದಳು.

"ನಗೋದಾ, ಬೈಯೋದಾ?" ಅಜ್ಜಿ ಕೇಳಿದಳು.

"ಸಹಜವಾಗಿರಿ ಅಜ್ಜಿ. ಹೆದರಬೇಡಿ, ಇದು ಕ್ಯಾಮೆರಾ ಅಲ್ಲ." ಆ ಮುಗ್ಧತೆಗೆ ಮರುಗಿ ಚಂದ್ರಶೇಖರ್ ಪೆನ್ಸಿಲ್ ಕೆಳಗಿಟ್ಟ. ಇಂಟರ್‌ನೆಟ್ ಎಂದರೇನೆಂದು ಐದು ನಿಮಿಷ ವಿವರಿಸಿದ. ಅಜ್ಜಿ ತಾಳ್ಮೆಯಿಂದ ಕೇಳಿದಳು.

"ರೈಲಿಗೆ ಮುಖ ಯಂತಕ್ಕೆ ಮಾರಾಯ?"

"ಮಾತಾಡೋ ರೈಲು, ಅಜ್ಜಿ."

"ಹೆಂಗೆ ಮಾತಾಡ್ತದೆ? ಮಾಡಿ ತೋರ್ಸು ನೋಡನ."

ಕಲಾವಿದನಿಗೆ ಅಷ್ಟು ಸಾಕಾಗಿತ್ತು. ಕೆನ್ನೆ ಉಬ್ಬಿಸಿ, ಹುಬ್ಬು ಏರಿಸಿ, ಮೊಣಕೈ ಆಡಿಸುತ್ತ ಅಂಗಳ ಸುತ್ತಿದ. "ದಾರಿ ನನಗೊಬ್ಬನಿಗೇ ಗೊತ್ತು, ಕೂ" ಎಂದು ಕಣ್ಣುಮುಚ್ಚಿ ಕೂಗಿದ. ಮೂರನೇ ಸುತ್ತಿಗೆ ಎಮ್ಮೆಗೆಂದು ಇಟ್ಟಿದ್ದ ಅಕ್ಕಚ್ಚಿನ ಬಾನಿಗೆ ಕಾಲಿಟ್ಟ. ಕೊಟ್ಟಿಗೆಯ ಎಮ್ಮೆ ಕೂಡ ತಲೆಯೆತ್ತಿ ನೋಡಿತು.

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ಒದ್ದೆ ಪ್ಯಾಂಟಿನಲ್ಲೇ ಕುಳಿತು ಅವನು ಆ ನಗುವನ್ನು ಹಿಡಿದ. ಹದಿನೈದು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವನು ಏನನ್ನೂ ಬರೆದಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಹೊರಡುವಾಗ ರಮ್ಯ ಹೆಸರು ಕೇಳಿದಳು.

"ಸೋಮವಾರ ಎಲ್ಲರಿಗೂ ಗೊತ್ತಾಗುತ್ತೆ" ಎಂದು ಚಂದ್ರಶೇಖರ್ ನಸುನಕ್ಕ.

ಸೋಮವಾರ ಬೆಳಿಗ್ಗೆ ಪಂಚಾಕ್ಷರಪ್ಪನ ಹೋಟೆಲಿನಲ್ಲಿ ಕುಳಿತಿದ್ದಾಗ ಫೋನಿಗೆ ಕಂಪನಿಯ ಉತ್ತರ ಬಂತು. ಪೇಡಾ ತಿಂದವರೆಲ್ಲ ಹಾಜರಿದ್ದರು. ಚಂದ್ರಶೇಖರ್ ಗಂಟಲು ಸರಿಮಾಡಿಕೊಂಡು ಜೋರಾಗಿಯೇ ಓದತೊಡಗಿದ.

"ಹೋಲಿಕೆ ಶೇಕಡಾ ತೊಂಬತ್ತೇಳು. ಇದು ಒಂಬತ್ತು ಲಕ್ಷ ಜನ ನೋಡುವ 'ಕುಪ್ಪಗಡ್ಡೆ ಅಜ್ಜಿ' ಚಾನೆಲ್ಲಿನ ಶೇಷಮ್ಮನವರ ಮುಖ. ಕ್ಷಮಿಸಿ, ಬಳಸುವಂತಿಲ್ಲ."

ಪಂಚಾಕ್ಷರಪ್ಪ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದ. ಕೆಳಗೆ ಇನ್ನೂ ನಾಲ್ಕು ಸಾಲು ಇತ್ತು. ಚಂದ್ರಶೇಖರನ ದನಿ ಇಳಿದಿತ್ತು; ಆದರೂ ಶುರು ಮಾಡಿದ್ದನ್ನು ಮುಗಿಸಿದ.

"ಆದರೆ ಅಜ್ಜಿಯ ಹೊಸ ವಿಡಿಯೊದಲ್ಲಿ ಕೂ ಎಂದು ಅಂಗಳ ಸುತ್ತಿ ಬಾನಿಗೆ ಕಾಲಿಡುವ ವ್ಯಕ್ತಿಯ ಮುಖ ಬೇರೆಲ್ಲೂ ಇಲ್ಲ, ನಮ್ಮ ಇಂಜಿನ್ ಅದೇ, ಆತ ಯಾರೆಂದು ಗೊತ್ತಿದ್ದರೆ ಎದುರಿಗೆ ಕೂರಿಸಿಕೊಂಡು, ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿ."