ಬಿಸಿಲುಣ್ಣುವ ಹವಳ

"ಮೀನಂಗಡಿ ಬರ್ಫ ಈ ಹೊಸ್ತಿಲಾ ದಾಟೂದಿಲ್ಲ." ಕಮಲಾಬಾಯಿ ಬಾಗಿಲಿಗೆ ಅಡ್ಡ ನಿಂತರು.

ಮಂಜುಗಡ್ಡೆ ತರಲು ಹೊರಟ ಸೊಸೆ ಬ್ರಾಹ್ಮಿಯ ಕೈಯಲ್ಲಿ ಖಾಲಿ ಬಕೆಟ್ ಇತ್ತು. ಕಾಲೇಜಿನ ಸಂಶೋಧನೆಗೆಂದು ಅವಳು ಉಗುರಿನಷ್ಟು ತುಂಡುಗಳಿಂದ ಬೆಳೆಸಿದ ಹವಳಗಳು ಹಿಂದಿನ ಕೋಣೆಯ ಗಾಜಿನ ತೊಟ್ಟಿಯಲ್ಲಿ ಕಾವಿಗೆ ಬಣ್ಣ ಬಿಡುತ್ತಿದ್ದವು. ಅವಕ್ಕೆ ಬಿಸಿಲು ಬೀಳಲೆಂದೇ ಛಾವಣಿ ಕೊರೆದು ಗಾಜು ಕೂರಿಸಿದ್ದಳು. ಬೆಳಿಗ್ಗೆ ಶಿರಗುಪ್ಪಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು, ಮಧ್ಯಾಹ್ನಕ್ಕೆ ಮನೆಯ ಇನ್ವರ್ಟರೂ ಮಲಗಿತು. ನೀರು ತಣಿಸುವ ಯಂತ್ರ, ಪಂಪು ಎರಡೂ ನಿಂತವು. ಕಾಲೇಜಿನಿಂದ ಬಂದವಳೇ ಛಾವಣಿ ಗಾಜಿನ ಮೇಲೆ ದ್ರಾಕ್ಷಿ ಶೆಡ್ಡಿನ ಹಸಿರು ನೆರಳುಬಲೆ ಎಳೆದಿದ್ದಳು. ನೀರು ಆಗಲೇ ಕಾದಿತ್ತು.

"ಅತ್ತಿ, ಚೀಲದಾಗ ಕಟ್ಟಿ ತೇಲಿ ಬಿಡ್ತೀನ್ರಿ. ನೀರಿಗಿ ಸೋಕೂದಿಲ್ಲ."

"ಬರ್ಫದಾಗ ಎಷ್ಟ ಜೀವ ಇರ್ತಾವು, ನಿನಗ ಗೊತ್ತಿಲ್ಲೇನು?"

"ಇವೂ ಜೀವಾನ ಅಲ್ರಿ? ಕಲ್ಲಂತ ತಿಳದೀರೇನು? ಸತ್ರ ಆ ಪಾಪ ಯಾರ ತಲಿಗಿ ಕಟ್ಟೂದ್ರಿ?"

ಕಮಲಾಬಾಯಿ ತೊಟ್ಟಿಯತ್ತ ನೋಡಿದರು. "ಬ್ಯಾರೆ ದಾರಿ?"

"ಉಗಾರದ ದುಂಡೇಶಣ್ಣನ ಕಡೆ ಜನರೇಟರ್ ಐತ್ರಿ. ತರೂತನಕ ಯಾರರ ನೀರ ಎತ್ತಿ ಎತ್ತಿ ಹೊಯ್ಯಬೇಕು, ಒಂದ ಸವನ. ಇಲ್ಲಂದ್ರ ಉಸರ ಕಟ್ಟಿ ಸಾಯ್ತಾವು."

"ತಂಬಿಗಿ ತಾ."

"ನಿಮ್ಮ ಊಟ ಆಗಿಲ್ರಿ ಇನ್ನೂ."

ಅದು ಜೈನ ವ್ರತದಲ್ಲಿ ದಿನಕ್ಕೆ ಒಂದೇ ಊಟ. ಸೊಸೆಯೊಡನೆ ಕೂತರಾಯಿತೆಂದು ಕಾದಿದ್ದರು. ಹೊತ್ತು ಮುಳುಗಿದರೆ ಆಮೇಲೆ ನೀರೂ ಇಲ್ಲ.

"ಹೊತ್ತ ಇನ್ನೂ ಐತಿ. ಬಾಯಿ ಮಾಡಬ್ಯಾಡ, ನಡಿ."

ತಂಬಿಗೆ ತುಂಬಿ, ಎತ್ತಿ, ಸುರಿದರು. ಮತ್ತೆ ತುಂಬಿದರು. ಉಪ್ಪುನೀರು ಬಿರುಕುಬಿಟ್ಟ ಅಂಗೈಗೆ ಇಳಿದು ಉರಿಯತೊಡಗಿತು. ಬಲಗೈ ಸೋತಾಗ ಎಡಗೈ. ಸೆರಗು ಸರಿಮಾಡಲು ನಿಂತ ಕ್ಷಣದಲ್ಲೇ ಹವಳದ ಎಳೆಗಳು ಒಳಗೆ ಸರಿದಂತೆ ಕಂಡು, ಸೆರಗು ಬಿಟ್ಟರು. ಅಡುಗೆಮನೆಯಲ್ಲಿ ಮುಚ್ಚಿಟ್ಟ ತಾಟು ಇಲ್ಲಿಂದಲೇ ಕಾಣುತ್ತಿತ್ತು. ಗೋಡೆಯ ಮೇಲಿನ ಬೆಳಕು ಕೆಂಪಾಯಿತು, ಮಾಸಿತು. ಒಮ್ಮೆ ಕಿಟಕಿ ನೋಡಿದರು, ಒಮ್ಮೆ ತಾಟು. ಕೈ ನಿಲ್ಲಲಿಲ್ಲ.

ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ದುಂಡೇಶನ ಟೆಂಪೊ ಬಂದಾಗ ಕತ್ತಲಾಗಿತ್ತು. ಜನರೇಟರ್ ಗುಡುಗಿತು, ಪಂಪು ಸದ್ದು ಮಾಡಿತು. ಕಮಲಾಬಾಯಿ ಆಗಲೂ ಸುರಿಯುತ್ತಲೇ ಇದ್ದರು. ಬ್ರಾಹ್ಮಿ ಅವರ ಮಣಿಕಟ್ಟು ಹಿಡಿದು ತಂಬಿಗೆ ಬಿಡಿಸಿದಳು. ದೀಪದಲ್ಲಿ ಹವಳ ನೋಡಿದಳು. ಅಂಚುಗಳು ಬೆಳ್ಳಗಾಗಿದ್ದವು, ನಡುವೆ ಬಣ್ಣ ಉಳಿದಿತ್ತು.

ಆಮೇಲೆ ತಾಟು ಕಣ್ಣಿಗೆ ಬಿತ್ತು.

"ಅತ್ತಿ, ನೀರರ ಕುಡೀರಿ..."

"ಹೊತ್ತ ಮುಳುಗೇತಿ." ಒದ್ದೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅವರು ಕೆಳಗೆ ಕುಳಿತರು. "ಇವು ಬಿಸಿಲ ಉಂಡ ಬದಕತಾವಂತ ನೀನ ಹೇಳಿದ್ದಿ. ಗಾಜಿನ ಮ್ಯಾಲ ಬಲೆ ಹಾಕಿದಿ, ಇವತ್ತ ಅವಕ್ಕೂ ಉಪಾಸ. ನಾಳೆ ಹೊತ್ತ ಹುಟ್ಟಿದ ಕೂಡ್ಲೆ ಮೊದಲ ಅವಕ್ಕ ನೀಡು. ಆಮ್ಯಾಲ ನನ್ನ ತಾಟ ಹಾಕು."