ಸೊಸೆ ಆಡಬಾರದ ಮಾತು

"ಅತಾ, 'ಡಿಎಫ್' ಅಂತ ಹೊಡೆದು ನೋಡಿ. ಡಿಸ್ಕಿನ ಹೊಟ್ಟೆ ಎಷ್ಟು ತುಂಬಿದೆ ಅಂತ ಅದೇ ಹೇಳುತ್ತೆ," ಎಂದಳು ಬೆಗಿಮಾಯ್, ಎಣ್ಣೆಯಲ್ಲಿ ಕರಿಯುವ ಬೊರ್ಸೋಕ್ ತಿಂಡಿಗೆ ಹಿಟ್ಟು ನಾದುತ್ತಾ. ಅವಳು 'ಅತಾ', ಅಂದರೆ ಅಪ್ಪಾ, ಎಂದು ಕರೆಯುವ ಮಾವ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು. ಕಪ್ಪು ಪರದೆಯ ಮೇಲೆ ಅವರೆಕಾಳಿನಷ್ಟು ದಪ್ಪದ ಬಿಳಿ ಅಕ್ಷರಗಳು ಮೂಡಿದವು. ಅವರ ಕಣ್ಣಿಗೆ ಅನುಕೂಲವಾಗಲೆಂದು ಸೊಸೆಯೇ ಅಷ್ಟು ದೊಡ್ಡದು ಮಾಡಿಕೊಟ್ಟಿದ್ದಳು.

"ನೂರಕ್ಕೆ ತೊಂಬತ್ತೊಂಬತ್ತು! ಈ ಹೊಟ್ಟೆಬಾಕ ಯಾರು ಅಂತ ಹಿಡಿದುಕೊಡೋ ಆಜ್ಞೆನೂ ಇದೆಯಾ?"

"ಇದೆ ಅತಾ. 'ಡಿಯು'."

ಮಾವನ ಕಣ್ಣು ಅರಳಿತು. ನರಿನ್ ಪೇಟೆಯ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಬೆಗಿಮಾಯ್‌ಳ ಕೆಲಸ. ಮಾವ ರೇಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರು. ನಿವೃತ್ತರಾದ ಮೇಲೆ ಹಳೆಯ ಟೇಪುಗಳ ಹಾಡುಗಳನ್ನೆಲ್ಲ ಈ ಕಂಪ್ಯೂಟರಿಗೆ ಇಳಿಸಿದ್ದರು. ಟೇಪುಗಳು ಆಮೇಲೆ ಪುಡಿಪುಡಿಯಾದವು. ಹಾಡಿದವರಲ್ಲಿ ಮುಕ್ಕಾಲು ಮಂದಿ ಮಣ್ಣಾಗಿದ್ದಾರೆ. ಅವರ ದನಿ ಉಳಿದಿರುವುದು ಇದೊಂದೇ ಕಡೆ. ಮಾವನ ತಾಯಿಯ ಜೋಗುಳವೂ ಅದರಲ್ಲೇ ಇದೆ. ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿಡುವ ಮೊದಲು ಕಸ ಗುಡಿಸೋಣವೆಂದು ಇವತ್ತಿನ ಪಾಠ.

ಪಾಠಕ್ಕೊಂದು ತೊಡಕಿತ್ತು. ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿಯದೆ, ಇವನಾದರೂ ನಿಲ್ಲಲಿ ಎಂದು ಹೆತ್ತವರು ಮಾವನಿಗೆ ತೊಕ್ತೊಸುನ್ ಎಂದು ಹೆಸರಿಟ್ಟಿದ್ದರು. ತೊಕ್ತೊ ಅಂದರೆ ನಿಲ್ಲು. ಗಂಡನ ಹೆಸರನ್ನಾಗಲಿ ಅವನ ಮನೆಯ ಹಿರಿಯರ ಹೆಸರನ್ನಾಗಲಿ ಸೊಸೆಯಾಗಿ ಬಂದವಳು ಬಾಯಲ್ಲಿ ತರುವಂತಿಲ್ಲ, ಆ ಹೆಸರೊಳಗಿನ ಮಾತನ್ನೂ ತರುವಂತಿಲ್ಲ. ಹಾಗಾಗಿ ಮದುವೆಯಾದಂದಿನಿಂದ ಬೆಗಿಮಾಯ್ ಬಾಯಲ್ಲಿ 'ನಿಲ್ಲು' ಎಂಬ ಮಾತೇ ಇಲ್ಲ. ಗಡಿಯಾರ 'ಮಲಗಿತು', ಮಳೆಗೆ 'ಸಾಕಾಯಿತು'. ಬಸ್ಸಿನವನಿಗೆ "ಅಣ್ಣಾ, ಇಲ್ಲಿ, ಇಲ್ಲೇ" ಎಂದು ಕೂಗಿ ಕೂಗಿ, ಮುಂದಿನ ಹಳ್ಳಿಯವರೆಗೂ ಹೋಗಿ ನಡೆದು ಬಂದದ್ದೂ ಉಂಟು.

"ಈ ಎರಡು ಕೀ ಒಟ್ಟಿಗೆ ಒತ್ತಿದ್ರೆ, ಓಡ್ತಿರೋ ಆಜ್ಞೆ ಏನಾಗುತ್ತೆ ಮಗಳೇ?" ಮಾವ ಬೇಕೆಂದೇ ಕೇಳಿದರು. ಸೊಸೆಯ ಬಾಯಿ ಜಾರಿಸುವುದು ಅವರಿಗೊಂದು ಆಟ.

"ಅದಕ್ಕೆ ಲಗಾಮು ಬೀಳುತ್ತೆ ಅತಾ."

"ಲಗಾಮು ಬಿದ್ರೆ ಕುದುರೆ ಏನು ಮಾಡುತ್ತೆ?"

"ಹುಲ್ಲು ಮೇಯುತ್ತೆ."

ಚಹಾ ಬಗ್ಗಿಸುತ್ತಿದ್ದ ಅತ್ತೆ ಬುರುಲ್ ಕಿಸಕ್ಕನೆ ನಕ್ಕರು. "ಬಿಡಿ, ಈ ಜಾಣೆ ನಿಮ್ಮ ಬಲೆಗೆ ಬೀಳೋಳಲ್ಲ."

ಡಿಯು ಕಳ್ಳನನ್ನು ಹಿಡಿದುಕೊಟ್ಟಿತು. ಅರೆಬರೆ ಧ್ವನಿಮುದ್ರಣದ ತುಣುಕುಗಳು, ಎಲ್ಲದರ ಬಾಲದಲ್ಲೂ 'ಟಿಎಂಪಿ'. "ಆರ್‌ಎಂ ಅಂದ್ರೆ ಅಳಿಸು, ನಕ್ಷತ್ರ ಅಂದ್ರೆ ಎಲ್ಲ. ನಕ್ಷತ್ರಕ್ಕೆ ಅಂಟಿಸಿ ಚುಕ್ಕಿ ಇಟ್ಟು ಟಿಎಂಪಿ ಅಂತ ಬರೆದ್ರೆ, ಆ ಬಾಲ ಇರೋವು ಮಾತ್ರ ಹೋಗುತ್ವೆ. ಒತ್ತೋ ಮೊದಲು ನಂಗೆ ತೋರಿಸಿ ಅತಾ. ಇಲ್ಲಿ ಕಸದಬುಟ್ಟಿ ಇಲ್ಲ, ಹೋದದ್ದು ಹೋಯ್ತು," ಎಂದಳು ಬೆಗಿಮಾಯ್. ಅವಳ ಮಾತು ಮುಗಿಯುವಷ್ಟರಲ್ಲಿ ಮಾವ ಕುಟ್ಟಿ ಮುಗಿಸಿದ್ದರು. ಹೊಸ ವಿದ್ಯೆಯ ಹುಮ್ಮಸ್ಸು ಬಂದವರ ಕಿವಿ ಅರ್ಧವನ್ನಷ್ಟೇ ಕೇಳಿಸಿಕೊಳ್ಳುತ್ತದೆ.

ಬೆಗಿಮಾಯ್ ತಲೆಯೆತ್ತಿ ನೋಡಿದಳು. ಪರದೆಯ ಮೇಲೆ ನಕ್ಷತ್ರ, ಆಮೇಲೆ ಒಂದಿಷ್ಟು ಖಾಲಿ ಜಾಗ, ಆಮೇಲೆ ಚುಕ್ಕಿ. ಅಂಟಿರಲಿಲ್ಲ. ನಕ್ಷತ್ರ ಒಂಟಿಯಾಗಿ ಕೂತಿತ್ತು. ಅಂದರೆ ಎಲ್ಲ ಅಳಿಸು, ಜೋಗುಳ ಸಮೇತ ಎಲ್ಲ!

"ಅತಾ, ಬೆರಳು!"

"ಇಲ್ಲೇ ಇದೆಯಲ್ಲ," ಎಂದು ಮಾವ ಎಂಟರ್ ಕೀಲಿಯ ನೇರಕ್ಕೆ ಬೆರಳು ಹಿಡಿದು ತೋರಿಸಿದರು.

"ಮೇಲೆ! ಮೇಲಕ್ಕೆ ಎತ್ತಿ! ಲಗಾಮು, ಅತಾ, ಲಗಾಮು!" ಓಡಿಹೋಗಿ ಕೈ ಹಿಡಿಯೋಣವೆಂದರೆ ನಡುವೆ ನೆಲಕ್ಕೆ ಹಾಸಿದ ಊಟದ ಬಟ್ಟೆ, ಅದರ ಮೇಲೆ ಚಹಾದ ನೀರು ಕುದಿಯುವ ಸಮೋವರ್, ಪಕ್ಕದಲ್ಲಿ ಅತ್ತೆ. ಮಾವನಿಗೆ ಆಟ ರಂಗೇರಿದ ಖುಷಿ.

"ಸುತ್ತಿ ಬಳಸಿ ಯಾಕಮ್ಮ? ಒಂದೇ ಮಾತಲ್ಲಿ ಹೇಳು. ಇಲ್ದಿದ್ರೆ ಒತ್ತಿಯೇ ಬಿಟ್ಟೆ!"

"ತೊಕ್ತೊ!"

ಬೆಗಿಮಾಯ್ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಮಾವನ ಬೆರಳು ಗಾಳಿಯಲ್ಲೇ ಉಳಿಯಿತು. ಅವರು ಗೆದ್ದೆನೆಂದು ನಗಲು ಹೊರಟವರು, ಸೊಸೆಯ ಮುಖ ನೋಡಿ ಪರದೆಯತ್ತ ತಿರುಗಿದರು.

"ಆ ಖಾಲಿ ಜಾಗ ಅತಾ... ನಕ್ಷತ್ರದ ಪಕ್ಕ," ಎಂದಳು ಅವಳು. "ಎಲ್ಲ ಹಾಡೂ ಹೋಗಿಬಿಡ್ತಿತ್ತು."

ಮಾವ ಅಕ್ಷರ ಅಕ್ಷರ ಓದಿದರು. ನಗು ಇಳಿದುಹೋಯಿತು. ಕೀಲಿಗೆ ತಾಗೀತೆಂಬ ಭಯಕ್ಕೆ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು.

"ತಪ್ಪಾಯ್ತು ಅತಾ. ಬಾಯಿಗೆ ಬಂದುಬಿಡ್ತು."

"ತಪ್ಪೆಲ್ಲಿ ಬಂತು ಮಗಳೇ? ಈ ಹೆಸರಿಟ್ಟೋಳೇ ಜೋಗುಳ ಹಾಡಿದ ನನ್ನಮ್ಮ. ಅವಳ ದನಿ ಉಳಿಸೋಕೆ ಅದೇ ಹೆಸರು ಬೇಕಾಯ್ತು."

ಅತ್ತೆಯ ಕೈಯಲ್ಲಿದ್ದ ಬಟ್ಟಲು ತುಂಬಿ ಚಹಾ ಊಟದ ಬಟ್ಟೆಯ ಮೇಲೆ ಹರಿಯುತ್ತಿತ್ತು. ಅವರಿಗೆ ಅದರ ಕಡೆ ಗಮನವಿರಲಿಲ್ಲ. ಗಂಡನ ಆ ಎತ್ತಿದ ಬೆರಳು ಇದ್ದ ಜಾಗವನ್ನೇ ನೋಡುತ್ತಿದ್ದರು.

"ರೀ," ಎಂದರು ಮೆಲ್ಲಗೆ. "ಆವತ್ತು ನಮ್ಮ ದೊಡ್ಡ ಮಗಳನ್ನ ಓದು ಬಿಡಿಸಿ ಮದುವೆ ಮಾಡಿ ಕಳಿಸೋಕೆ ನೀವು ಹೊರಟಾಗ, ಬಾಗಿಲಿಗೆ ಅಡ್ಡ ಬಂದು ಏನೇನೋ ಸುತ್ತಿ ಬಳಸಿ ಹೇಳಿದೆನಲ್ಲ... ನಿಮ್ಮ ಹೆಸರಲ್ಲಿರೋ ಈ ಒಂದು ಮಾತು ನಾನೂ ಅಂದಿದ್ರೆ ಸಾಕಾಗ್ತಿತ್ತಾ?"