ಹಿಂದೆ ಬರುತ್ತಿರುವವಳು

ಸಮುದ್ರ ಕಾಣುವ ಆ ಗುಡ್ಡಗಳ ಕಾಲುದಾರಿಯಲ್ಲಿ ಮೇಷ್ಟ್ರು ಬೆಳಗಿನಿಂದ ನಡೆಯುತ್ತಲೇ ಇದ್ದರು. ಪರದೇಶ, ಗುರುತಿನ ಮುಖ ಒಂದೂ ಇಲ್ಲ. ಕಾಡು ಶುರುವಾಗುವ ಕಡೆ ಆಲಿವ್ ಕಾಯಿ ಉದುರಿಸುತ್ತಿದ್ದ ಮುದುಕಿಯೊಬ್ಬಳು ಹರುಕು ಮುರುಕು ಇಂಗ್ಲಿಷಿನಲ್ಲಿ ಮಾತಾಡಿಸಿದಳು.

“ಒಬ್ಬರೇನಾ?”

ಈ ಪ್ರಶ್ನೆ ಕೇಳಿ ಕೇಳಿ ಅವರಿಗೆ ರೋಸಿಹೋಗಿತ್ತು.

“ಇಲ್ಲಮ್ಮ, ಹೆಂಡತಿ ಹಿಂದೆ ಬರ್ತಿದ್ದಾಳೆ. ಮಂಡಿನೋವು, ನಿಧಾನ.”

“ಹೆಸರೇನು?”

“ವನಮಾಲಾ.”

ಮುದುಕಿ ಆ ಹೆಸರನ್ನು ಎರಡು ಸಲ ಹೇಳಿಕೊಂಡು ಬಾಯಿಪಾಠ ಮಾಡಿದಳು. “ನೀವು ಹೋಗಿ. ಅವರು ಬಂದ್ರೆ ನೀರು ಕೊಟ್ಟು ಕಳಿಸ್ತೀನಿ.”

ಓಕ್ ಮರಗಳ ಕಾಡು ದಾಟಿ, ಹೊತ್ತು ಇಳಿಯುವ ವೇಳೆಗೆ ಅವರು ಕಣಿವೆಯ ಹಳ್ಳಿ ಸೇರಿದರು. ವಸತಿಗೃಹದ ಜಗಲಿಯಲ್ಲಿ ಕೂತು ಬೂಟು ಬಿಚ್ಚುವಾಗ ಚರ್ಚಿನ ಗಂಟೆ ಒಂದೇ ಸಮನೆ ಹೊಡೆಯತೊಡಗಿತು. ಜನ ಟಾರ್ಚು ಹಿಡಿದು ಕಾಡಿನತ್ತ ಓಡುತ್ತಿದ್ದರು.

“ಏನಾಯ್ತು?”

“ನಡೆಯೋಕೆ ಬಂದವರು ಸಂಜೆಯೊಳಗೆ ಕಾಡು ದಾಟದಿದ್ರೆ ಊರಿಗೆ ಊರೇ ಹುಡುಕೋಕೆ ಹೋಗೋದು ನಮ್ಮಲ್ಲಿ ರೂಢಿ,” ಎಂದ ವಸತಿಗೃಹದ ಯಜಮಾನ, ಕೋಟು ಹಾಕಿಕೊಳ್ಳುತ್ತ. “ಆಲಿವ್ ತೋಟದ ಮುದುಕಿ ಈಗಷ್ಟೇ ಫೋನ್ ಮಾಡಿ ಹೇಳಿದಳು, ಹೊತ್ತು ಮುಳುಗಿದ್ರೂ ಅವರು ಕಾಣಲಿಲ್ಲವಂತೆ. ಹೆದರಬೇಡಿ, ನಿಮ್ಮ ಹೆಂಡತಿ ಸಿಕ್ಕೇ ಸಿಗ್ತಾರೆ.”

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗುಡ್ಡದ ಮೇಲಿಂದ ಇಪ್ಪತ್ತು ಮೂವತ್ತು ದನಿಗಳು ಒಟ್ಟಿಗೆ ಎದ್ದವು.

“ವನಮಾಲಾ...! ವನಮಾಲಾ...!”

ಶ್ರೀರಂಗಪಟ್ಟಣದ ಹೊಳೆಯಲ್ಲಿ ಅವಳ ಅಸ್ಥಿ ಬಿಟ್ಟು ಬಂದು ಮೂರು ವರ್ಷವಾಗಿತ್ತು. ಅಂದಿನಿಂದ ಆ ಹೆಸರನ್ನು ಯಾರಾದರೂ ಬಾಯಿತುಂಬ ಕರೆದದ್ದು ಇದೇ ಮೊದಲು.